ಲಗ್ಗೆಯ ದಾರಿಯಲ್ಲಿ ನಮ್ಮನ್ನು ನಡೆಯಲು ಬಿಡಿ

ಶ್ರೀರಂಗಪಟ್ಟಣದ ಮಹಾಜನರೇ, ಮೈಸೂರು ಮಂಡ್ಯ ಸೀಮೆಯ ಬಂಧುಗಳೇ, ಚರಿತ್ರೆ ಪಾಠ ಹೇಳುವ ಮೇಷ್ಟ್ರುಗಳೇ,

ಇನ್ನೊಂದು ಮೇ 4 ಹತ್ತಿರ ಬಂತು. 1799ರ ಆ ಶನಿವಾರ ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ, ನೆತ್ತಿ ಸುಡುವ ಬಿಸಿಲಿನಲ್ಲಿ, ಬ್ರಿಟಿಷರ ಕಡೆಯ ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರು ಕಾವೇರಿಯ ಆಚೆ ದಡದ ಮೋರ್ಚೆಗಳಿಂದ ಎದ್ದು, ಬಂಡೆಗಳ ಮೇಲೆ ಜಾರುತ್ತ ಏಳುತ್ತ ಹೊಳೆ ದಾಟಿ, ಫಿರಂಗಿ ಒಡೆದ ಕೋಟೆಗೋಡೆಯನ್ನು ಹತ್ತಿದರು. ಆ ಹೊತ್ತಿನಿಂದ ಈ ನಾಡಿನ ಗತಿ ಬದಲಾಯಿತು. ಇದನ್ನು ಓದುವ ನಿಮಗೆಲ್ಲ ಅದು ಗೊತ್ತು. ಆದರೆ ಅವರು ಬಂದ ದಾರಿ ಯಾವುದು, ಎಲ್ಲಿಂದ ಹೊರಟರು, ಎಲ್ಲಿ ಎರಡಾಗಿ ಕವಲೊಡೆದರು, ಯಾವ ಗೋಡೆಯ ಮೇಲೆ ಅವರನ್ನು ತಡೆದು ನಿಲ್ಲಿಸಲಾಯಿತು, ಯಾವ ಮೂಲೆಯಲ್ಲಿ ಆ ತಡೆ ಮುರಿಯಿತು ಎಂದು ಕೇಳಿಕೊಂಡು ಬಂದವನಿಗೆ ತೋರಿಸಲು ಮೊದಲಿನಿಂದ ಕೊನೆಯವರೆಗೆ ಗುರುತು ಹಾಕಿದ ಒಂದು ಕಾಲುದಾರಿ ನಮ್ಮಲ್ಲಿಲ್ಲ. ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೂ ಇಲ್ಲ. ಈ ಕರಪತ್ರದ ದೂರು ಅದೊಂದೇ.

ಬರುವ ಪ್ರವಾಸಿಗೆ ನಾವು ಏನು ತೋರಿಸುತ್ತೇವೆ, ಒಮ್ಮೆ ಲೆಕ್ಕ ಹಾಕಿ. ರಂಗನಾಥನ ಗುಡಿ, ಜಾಮಿಯಾ ಮಸೀದಿ, ಸೆರೆಮನೆ, ಟಿಪ್ಪು ಬಿದ್ದ ಜಾಗ ಎಂಬ ಕಲ್ಲು, ದರಿಯಾ ದೌಲತ್, ಗುಂಬಜ್. ಕಾರು ನಿಲ್ಲುತ್ತದೆ, ಇಳಿಯುತ್ತಾರೆ, ಫೋಟೊ ತೆಗೆಯುತ್ತಾರೆ, ಹತ್ತುತ್ತಾರೆ. ಒಂದು ನಿಲುಗಡೆಗೂ ಇನ್ನೊಂದಕ್ಕೂ ನಡುವೆ ಇರುವ ನೆಲವೇ ಯುದ್ಧದ ನೆಲ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಸತ್ತ ಜಾಗ ತೋರಿಸುತ್ತೇವೆ, ಹೂತ ಜಾಗ ತೋರಿಸುತ್ತೇವೆ; ಕಾದಾಡಿದ ಜಾಗ ತೋರಿಸುವುದಿಲ್ಲ. ಕೋಟೆ ಒಡೆದ ಆ ಪಶ್ಚಿಮದ ಮೂಲೆಯಲ್ಲಿ ಒಂದು ಸ್ತಂಭವೇನೋ ಇದೆ. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ್ದು. ಅದು ಯಾರ ನೆನಪಿಗೆ? ಮುತ್ತಿಗೆ ಹಾಕಿ ಸತ್ತವರ ನೆನಪಿಗೆ. ಗೋಡೆಯ ಒಳಗೆ ನಿಂತು ಸತ್ತ ಸಾವಿರಾರು ಮಂದಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ದಾರಿ ಇಲ್ಲದ ಊರಿನಲ್ಲಿ ಆ ಒಂದು ಕಲ್ಲು ಹೇಳಿದ್ದೇ ಇಡೀ ಕಥೆಯಾಗಿ ಉಳಿಯುತ್ತದೆ.

ದಾರಿ ಏಕೆ ಬೇಕು ಎನ್ನುವುದಕ್ಕೆ ಭಾವನೆಯ ಮಾತು ಬೇಡ, ಸಾಕ್ಷಿಯ ಮಾತನ್ನೇ ಆಡೋಣ. ಲಗ್ಗೆ ಬಂದ ಜಾಗದಲ್ಲಿ ಹೊಳೆ ಸುಮಾರು 250 ಮೀಟರ್ ಅಗಲ. ಅಂದು ನೀರು ಕೆಲವೆಡೆ ಪಾದ ಮುಳುಗುವಷ್ಟು, ಕೆಲವೆಡೆ ಸೊಂಟದವರೆಗೆ, ತಳವೆಲ್ಲ ಬಂಡೆ. ಬಂದವರಿಗೆ ಮಳೆಯ ಭಯ: ಮುಂಗಾರು ಬಿದ್ದು ಹೊಳೆ ತುಂಬಿದರೆ ದಾಟುವಂತಿಲ್ಲ, ಪಾಳೆಯದಲ್ಲಿ ಧಾನ್ಯವೂ ಮುಗಿಯುತ್ತ ಬಂದಿತ್ತು. ಒಳಗಿದ್ದವರಿಗೆ ಅದೇ ಮಳೆಯ ಆಸೆ. ಎರಡೂ ಕಡೆಯವರು ಆಕಾಶ ನೋಡುತ್ತ ಕೂತಿದ್ದ ಯುದ್ಧ ಇದು. ಇದನ್ನು ಪುಸ್ತಕದಲ್ಲಿ ಓದಿದರೆ ಒಂದು ವಾಕ್ಯ. ದಡದಲ್ಲಿ ನಿಂತು ಎದುರಿನ ಗೋಡೆಗೆ ಕಣ್ಣು ಹಾಯಿಸಿದರೆ ಹತ್ತನೇ ತರಗತಿಯ ಹುಡುಗನಿಗೂ ತಾನಾಗಿ ತಿಳಿಯುವ ವಿಷಯ. ಲಗ್ಗೆಗೆ ಮುಂಚಿನ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕತ್ತಲೆಗೆ ದಿಕ್ಕು ತಪ್ಪಿ ಸೋತು ಹಿಂದೆಗೆದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಹದಿನಾರು ವರ್ಷದ ಮೇಲೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲಿಂಗ್ಟನ್. ಮರುದಿನ ಬೆಳಕಿನಲ್ಲಿ ಅದೇ ತೋಪು ಅವನ ಕೈಸೇರಿತು. ನಾಲೆಯ ಏರಿಗಳೇ ಮುತ್ತಿಗೆಯವರಿಗೆ ಮರೆಯಾದವು. ಆ ತೋಪು, ಆ ಏರಿ, ಆ ಮೋರ್ಚೆ ಎಲ್ಲಿದ್ದವೆಂದು ಇಂದು ಎಷ್ಟು ಜನ ಬೆರಳು ಮಾಡಿ ತೋರಿಸಬಲ್ಲರು?

ಇನ್ನು ಕೋಟೆಯೊಳಗಿನ ಮಾತು. ಹತ್ತಿ ಬಂದವರು ಹತ್ತು ನಿಮಿಷದೊಳಗೆ ಒಡೆದ ಗೋಡೆಯ ನೆತ್ತಿಯಲ್ಲಿ ಬಾವುಟ ಊರಿದರು. ಮುನ್ನಡೆಸಿದವನು ಡೇವಿಡ್ ಬೇರ್ಡ್. ಇದೇ ಊರಿನ ಸೆರೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸಂಕೋಲೆಯಲ್ಲಿ ಕಳೆದವನು. ಅಲ್ಲಿಂದ ದಂಡು ಎರಡಾಯಿತು. ಒಂದು ದಕ್ಷಿಣದ ಗೋಡೆಯ ಮೇಲೆ ಹೋಯಿತು, ಬೇಗ ಹೋಯಿತು. ಇನ್ನೊಂದು ಉತ್ತರದ ಗೋಡೆಯ ಮೇಲೆ ಹೊರಟು ಅಡ್ಡಗೋಡೆಗಳ ಹತ್ತಿರ ನಿಂತುಬಿಟ್ಟಿತು. ಏಕೆಂದರೆ ಅಲ್ಲಿ ಟಿಪ್ಪು ಸುಲ್ತಾನನೇ ಕೆಳಗಿಳಿದು, ಕಾಲಾಳಿನಂತೆ ಬಂದೂಕು ಹಿಡಿದು ನಿಂತಿದ್ದ. ಆ ತಡೆ ಒಡೆದದ್ದು ಹೇಗೆ? ಹೊರಗೋಡೆಗೂ ಒಳಗೋಡೆಗೂ ನಡುವೆ ನೀರು ತುಂಬಿದ ಕಂದಕ. ಅದನ್ನು ದಾಟಲು ಕೆಲಸಗಾರರು ಓಡಾಡುತ್ತಿದ್ದ ಸಣ್ಣ ಜಾಗವೊಂದು 12ನೇ ರೆಜಿಮೆಂಟಿನ ತುಕಡಿಯ ಕಣ್ಣಿಗೆ ಬಿತ್ತು. ಅವರು ಒಳಗೋಡೆ ಹತ್ತಿ ಪಕ್ಕದಿಂದ ಗುಂಡು ಹಾರಿಸಿದರು. ಎದುರಿಗೂ ಶತ್ರು, ಮಗ್ಗುಲಿಗೂ ಶತ್ರು. ಅಲ್ಲಿಂದ ಹಿಂದೆ ಸರಿಯುತ್ತ ಸರಿಯುತ್ತ ಸುಲ್ತಾನ ದಿಡ್ಡಿ ಬಾಗಿಲ ಇಕ್ಕಟ್ಟಿಗೆ ಬಂದು ಬಿದ್ದ.

ಈ ಸಂಗತಿಯನ್ನು ಏಕೆ ಇಷ್ಟು ಬಿಡಿಸಿ ಹೇಳಬೇಕಾಯಿತೆಂದರೆ, ಎರಡು ಶತಮಾನದಿಂದ ನಾವು ಒಂದೇ ಹೆಸರು ಜಪಿಸುತ್ತ ಬಂದಿದ್ದೇವೆ: ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್. ದ್ರೋಹ ಆಯಿತು, ಕೋಟೆ ಬಿತ್ತು, ಮುಗಿಯಿತು. ಒಳಗಿನವರು ದ್ರೋಹ ಮಾಡಲೇ ಇಲ್ಲ ಎಂದು ಈ ಕರಪತ್ರ ವಾದಿಸುತ್ತಿಲ್ಲ. ದ್ರೋಹದ ತೂಕ ಎಷ್ಟು, ಕಂದಕದ ಆ ಸಣ್ಣ ಜಾಗದ ತೂಕ ಎಷ್ಟು, ಲಗ್ಗೆಗೆ ಸ್ವಲ್ಪ ಮುಂಚೆ ಫಿರಂಗಿ ಗುಂಡಿಗೆ ಬಲಿಯಾದ ಟಿಪ್ಪುವಿನ ಸೇನಾನಿ ಸೈಯದ್ ಗಫಾರನ ಸಾವಿನ ತೂಕ ಎಷ್ಟು ಎಂದು ಅಳೆಯಬೇಕಾದರೆ ಗೋಡೆಯ ಮೇಲೆ ನಡೆದು ನೋಡಬೇಕು ಎನ್ನುತ್ತಿದೆ. ನಡೆಯಲು ದಾರಿ ಕೊಡದೆ ತೀರ್ಪು ಮಾತ್ರ ಕೊಟ್ಟವರು ನಮಗೆ ಅನ್ಯಾಯ ಮಾಡಿದ್ದಾರೆ. ದಾರಿ ಮುಚ್ಚಿದ್ದರಿಂದ ಹೋರಾಡಿದವರ ಹೋರಾಟ ಮುಚ್ಚಿಹೋಯಿತು. ಒಬ್ಬನ ದ್ರೋಹ ಮಾತ್ರ ಊರೆಲ್ಲ ಉಳಿಯಿತು. ಹೊಳೆ ದಡದಲ್ಲಿ ಸತ್ತ ಹೆಸರಿಲ್ಲದ ಜವಾನನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನು ಬೇಕು?

ಇದೇನು ಹೊಸ ಬಯಕೆ, ಪರದೇಶದ ಶೋಕಿ ಎನ್ನುವವರು ಚಿತ್ರದುರ್ಗಕ್ಕೆ ಹೋಗಿ ಬರಲಿ. ಓಬವ್ವನ ಕಿಂಡಿ ಎಂದರೆ ಏನು? ಹೈದರನ ಸೈನಿಕರು ತೆವಳಿ ಬಂದ ದಾರಿ, ಅಷ್ಟೆ. ಗುಡಿಯಲ್ಲ, ಅರಮನೆಯಲ್ಲ, ಸಮಾಧಿಯಲ್ಲ, ಲಗ್ಗೆಯ ದಾರಿ. ಆ ಕಿಂಡಿಯೊಳಗೆ ಬಗ್ಗಿ ನುಸುಳಿದ ಪ್ರತಿ ಮಗುವಿಗೂ ಒನಕೆ ಹಿಡಿದು ನಿಂತ ಹೆಂಗಸಿನ ಎದೆಗಾರಿಕೆ ಯಾವ ಪಾಠವೂ ಇಲ್ಲದೆ ಅರ್ಥವಾಗುತ್ತದೆ. ನಮ್ಮ ಜನಕ್ಕೆ ಲಗ್ಗೆಯ ದಾರಿಯ ಬೆಲೆ ಗೊತ್ತು. ಗೊತ್ತಿಲ್ಲದಿರುವುದು ನಮ್ಮನ್ನು ನೋಡಿಕೊಳ್ಳಬೇಕಾದವರಿಗೆ. ಪರದೇಶದವರಿಗೂ ಗೊತ್ತು. ಅಮೆರಿಕದ ಗೆಟ್ಟಿಸ್‌ಬರ್ಗಿನಲ್ಲಿ ಅಂತರ್ಯುದ್ಧದ ಕಾಲಕ್ಕೆ, 1863ರ ಜುಲೈ 3ರಂದು ಪಿಕೆಟ್‌ನ ದಂಡು ಬಯಲು ದಾಟಿ ಏರಿದ ಮುಕ್ಕಾಲು ಮೈಲಿಗೂ ಹೆಚ್ಚಿನ ಹೊಲವನ್ನು ಹಾಗೇ ಬಿಟ್ಟಿದ್ದಾರೆ. ನೋಟಕ್ಕೆ ಅಡ್ಡ ಬೆಳೆದ ಮರಗಳನ್ನೂ ಕೆಲವೆಡೆ ತೆಗೆದಿದ್ದಾರೆ. ಗೆದ್ದವರ ಮೊಮ್ಮಕ್ಕಳೂ ಸೋತವರ ಮೊಮ್ಮಕ್ಕಳೂ ಅದನ್ನು ನಡೆಯುತ್ತಾರೆ. ಸ್ಕಾಟ್ಲೆಂಡಿನ ಕಲೋಡನ್‌ನಲ್ಲಿ, 1746ರಲ್ಲಿ ಎರಡು ಸೈನ್ಯ ನಿಂತ ಸಾಲುಗಳನ್ನು ಕೆಂಪು ನೀಲಿ ಬಾವುಟ ನೆಟ್ಟು ತೋರಿಸುತ್ತಾರೆ. ಅಲ್ಲಿ ಸೋತವರು ಹೆಚ್ಚಾಗಿ ಸ್ಕಾಟ್ಲೆಂಡಿನ ಗುಡ್ಡಗಾಡಿನವರು. ಸೋಲಿನ ನೆಲ ಎಂದು ಅವರು ಅದನ್ನು ಮುಚ್ಚಿಡಲಿಲ್ಲ.

ಈಗ ಎರಡು ಬಣಗಳ ಮಾತು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, 2019ರಲ್ಲಿ ನಿಲ್ಲಿಸಿತು. ಆ ವರ್ಷಗಳಲ್ಲಿ ಬೇಕು ಎಂದು ಕೂಗಿದವರಲ್ಲಿ ಆ ಗೋಡೆಯ ಗಿಡಗಂಟಿ ಕೀಳಲು ಬಂದವರು ಯಾರು? ಬೇಡ ಎಂದು ಕೂಗಿದವರಲ್ಲಿ ಹೊಳೆಯ ದಡದಲ್ಲಿ ನಿಂತು ಲಗ್ಗೆ ಹೇಗೆ ಬಂತೆಂದು ಓದಿದವರು ಯಾರು? ಇವರಿಗೆ ಬೇಕಾದ್ದು ಪೂಜೆಗೆ ಒಂದು ಪಟ, ಅವರಿಗೆ ಬೇಕಾದ್ದು ಸುಡಲು ಒಂದು ಪಟ. ಪಟಕ್ಕೆ ನೆಲ ಬೇಡ. ದಾರಿ ಮಾಡಿದರೆ ಒಬ್ಬರು ಟಿಪ್ಪುವಿನ ವೈಭವೀಕರಣ ಎನ್ನುತ್ತಾರೆ, ಇನ್ನೊಬ್ಬರು ಬ್ರಿಟಿಷರ ಗೆಲುವಿಗೆ ಹಾರ ಹಾಕಿದಂತೆ ಎನ್ನುತ್ತಾರೆ. ಒಂದೇ ದಾರಿ ಎರಡನ್ನೂ ಹೇಗೆ ಮಾಡೀತು ಎಂದು ಇಬ್ಬರೂ ಕೂತು ಮೊದಲು ತೀರ್ಮಾನಿಸಲಿ. ಆ ದಿನ ಹೊಳೆ ದಾಟಿದವರಲ್ಲಿ ಹಲವರು ಇದೇ ದೇಶದ ಸಿಪಾಯಿಗಳು, ಜೊತೆಗೆ ನಿಜಾಮನ ಕಡೆಯವರು. ಅವರ ಮುಖಕ್ಕೆ ಯಾವ ಬಣದ ಬಣ್ಣ ಬಳಿಯುತ್ತೀರಿ?

ಹೊಳೆಯಲ್ಲಿ ಮೊಸಳೆ ಇದೆ, ಅಪಾಯ ಎನ್ನುವ ಮಾತೂ ಬಂದಿದೆ. ಇದೆ, ರಂಗನತಿಟ್ಟು ಪಕ್ಕದಲ್ಲೇ ಇದೆ; ನೀರಿಗಿಳಿಯಿರಿ ಎಂದು ಯಾರೂ ಕೇಳಿಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿದ ಮೇಲೆ ಆ ನೀರು ಏರುವುದೂ ಇಳಿಯುವುದೂ ಮಳೆಯ ಮೇಲಷ್ಟೇ ನಿಂತಿಲ್ಲ, ಅದೂ ಗೊತ್ತಿದೆ. ಆಚೆ ದಡಕ್ಕೊಂದು ಹಾದಿ, ಈಚೆ ಗೋಡೆಗೊಂದು ಹಾದಿ, ನಡುವೆ ಕಣ್ಣಿನ ದಾಟು ಸಾಕು. ಸಂರಕ್ಷಿತ ಸ್ಮಾರಕ, ಕೈ ಹಚ್ಚುವಂತಿಲ್ಲ ಎನ್ನುತ್ತಾರೆ ಇನ್ನು ಕೆಲವರು. ಸರಿ. ರೈಲು ಹಳಿ ಕೋಟೆಯ ಎದೆ ಸೀಳಿಕೊಂಡು ಹೋಗುವಾಗ ಈ ಕೈ ಎಲ್ಲಿತ್ತು? 2017ರಲ್ಲಿ ಜೋಡಿ ಹಳಿಗೆ ಅಡ್ಡ ಬಂತೆಂದು ಟಿಪ್ಪು ಕಾಲದ ಮದ್ದಿನಮನೆಯೊಂದನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಇಟ್ಟರು. ಆ ಕಟ್ಟಡ ಉಳಿದದ್ದು ಸಂತೋಷವೇ. ಆ ಕೆಲಸ ಮಾಡಿದ ಕೈಗಳಿಗೆ ಕೈ ಮುಗಿಯಬೇಕು. ಆದರೆ ರೈಲಿಗಾಗಿ ಇಡೀ ಮದ್ದಿನಮನೆ ಕದಲಿಸಬಲ್ಲ ನಾಡು, ಜನಕ್ಕಾಗಿ ನಾಲ್ಕು ಕಲ್ಲು ನೆಟ್ಟು ದಾರಿ ತೋರಿಸಲಾರದು ಎಂದರೆ ನಂಬುವವರು ಯಾರು? ಬಿಸಿಲಿನಲ್ಲಿ ಯಾರು ನಡೆಯುತ್ತಾರೆ ಎಂಬ ಪ್ರಶ್ನೆ ಕೇಳಿದವರು ತಿರುಪತಿ, ಧರ್ಮಸ್ಥಳದ ದಾರಿಯ ಪಾದಯಾತ್ರಿಗಳನ್ನು ಒಮ್ಮೆ ಕೇಳಲಿ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. 1791ರ ಮಾರ್ಚ್ 7ರಂದು ಬ್ರಿಟಿಷರ ಲಗ್ಗೆಗೆ ಪೇಟೆ ಬಿತ್ತು, 21ರ ರಾತ್ರಿ ಕೋಟೆ ಬಿತ್ತು, ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತ. ಇಂದು ಆ ಕೋಟೆಯ ಬಹುಪಾಲು ಇಲ್ಲ. ಲಗ್ಗೆ ಇಲ್ಲಿಂದ ಬಂತು ಎಂದು ಹೇಳುವ ಒಂದು ಶಿಲಾಫಲಕ ಮಾರುಕಟ್ಟೆಯ ಗದ್ದಲದಲ್ಲಿ ಒಂಟಿಯಾಗಿ ನಿಂತಿದೆ, ಪಕ್ಕದಲ್ಲೇ ಬಸ್ಸು ಹತ್ತುವವರಿಗೂ ಅದರ ಅರಿವಿಲ್ಲ. ಅಲ್ಲಿ ಕೈ ಮೀರಿತು. ಶ್ರೀರಂಗಪಟ್ಟಣದಲ್ಲಿ ಇನ್ನೂ ಹೊಳೆ ಅದೇ ಹೊಳೆ, ಬಂಡೆ ಅದೇ ಬಂಡೆ, ಪಶ್ಚಿಮದ ಗೋಡೆ ಇನ್ನೂ ನಿಂತಿದೆ. ಈ ದ್ವೀಪದ ಸ್ಮಾರಕಗಳ ಹೆಸರು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ಲೂಟಿಯಾಗಿ ಹೋದ ಟಿಪ್ಪುವಿನ ಹುಲಿಗೊಂಬೆಯನ್ನು ಲಂಡನ್ನಿನವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿದ್ದಾರೆ. ಹೊತ್ತುಕೊಂಡು ಹೋಗಲಾಗದೆ ಅವರು ಬಿಟ್ಟುಹೋದದ್ದು ಈ ನೆಲ ಒಂದೇ. ಅದನ್ನೂ ನಾವು ಕಾಯಲಿಲ್ಲ.

ಅಧಿಕಾರದಲ್ಲಿರುವವರೇ, ದಾರಿ ಗುರುತಿಸಿ. ಹೇಗೆ, ಎಷ್ಟು ಖರ್ಚಿನಲ್ಲಿ ಎಂಬುದು ಬಲ್ಲವರು ಕೂತು ನಿರ್ಧರಿಸಲಿ. ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಎರಡೂ ಕಡೆ ಸತ್ತವರನ್ನು ಒಂದೇ ದಾರಿಯಲ್ಲಿ ನೆನೆಯುವಂತೆ ಮಾಡಿ. ಊರಿನವರೇ, ಮೇಷ್ಟ್ರುಗಳೇ, ನೀವು ಅದಕ್ಕೆ ಕಾಯಬೇಡಿ. ಮೇ 4ರ ಮಧ್ಯಾಹ್ನ ಒಂದು ಗಂಟೆಗೆ ಕೋಟೆಯ ಪಶ್ಚಿಮ ಮೂಲೆಯ ಸ್ತಂಭದ ಹತ್ತಿರ ಬನ್ನಿ. ಮಕ್ಕಳನ್ನು ಕರೆತನ್ನಿ. ಛತ್ರಿ ಇರಲಿ, ಕುಡಿಯುವ ನೀರು ಇರಲಿ, ಯಾವ ಬಣ್ಣದ ಬಾವುಟವೂ ಬೇಡ. ಮೊದಲು ಹೊಳೆಯ ಕಡೆ ಮುಖ ಮಾಡಿ ನಿಲ್ಲೋಣ. ಆಮೇಲೆ ಉತ್ತರದ ಗೋಡೆಯ ಗುಂಟ ದಿಡ್ಡಿ ಬಾಗಿಲ ದಿಕ್ಕಿಗೆ, ಎಲ್ಲಿಯವರೆಗೆ ಕಾಲಿಡಲು ಜಾಗ ಇದೆಯೋ ಅಲ್ಲಿಯವರೆಗೆ, ನಡೆಯೋಣ.