ರೈಲು ಬರಲಿ, ಕೆರೆಗೆ ನೀರೂ ಬರಲಿ

ಮಳೆಗಾಲದಲ್ಲಿ ಶಿವಮೊಗ್ಗದಿಂದ ತಾಳಗುಪ್ಪಕ್ಕೆ ರೈಲಿನಲ್ಲಿ ಹೋದವರು ಆ ದಾರಿಯ ಚೆಲುವನ್ನು ಮರೆಯಲಾರರು. ಅಂಥದೊಂದು ಪಯಣ ನಮ್ಮ ಸೀಮೆಗೂ ಬರಲಿದೆ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗಕ್ಕೆ 2023ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಆಗಿನ ಅಂದಾಜು ವೆಚ್ಚ 990 ಕೋಟಿ ರೂಪಾಯಿ. ಶಿಕಾರಿಪುರದಲ್ಲಿ ಇಳಿದವರು ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ, ಕದಂಬರ ತಾಳಗುಂದಗಳನ್ನು ಒಂದೇ ದಿನದಲ್ಲಿ ನೋಡಿ ಬರಬಹುದು. ಇದು ಸಂತೋಷದ ಸಂಗತಿಯೇ.

ಆದರೆ ಕಿಟಕಿಯಾಚೆ ಕಾಣುವ ಹಸಿರು ತಾನಾಗಿ ಹುಟ್ಟಿದ್ದಲ್ಲ; ಕೆರೆಗಳ ಸಾಲು ಅದನ್ನು ಸಾಕಿದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತದೆ. ಐದನೆಯ ಶತಮಾನದ ತಾಳಗುಂದ ಸ್ತಂಭಶಾಸನವೂ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ್ದನ್ನು ದಾಖಲಿಸಿದೆ.

ಕೆರೆಯ ಏರಿಗೆ ತೂಬುಂಟು, ಕೋಡಿಯುಂಟು. ಇಳಿಜಾರಿಗೆ ಅಡ್ಡಲಾಗಿ ಏಳುವ ಹಳಿಯ ಏರಿಗೆ ಮೋರಿಯೊಂದೇ ದಾರಿ. ಅದಿಲ್ಲದಿದ್ದರೆ ಮೇಲ್ಬದಿಯ ತೋಟದಲ್ಲಿ ನೀರು ನಿಂತು ಅಡಿಕೆಯ ಬೇರು ಕೊಳೆಯುತ್ತದೆ. ಕೆಳಬದಿಯ ಕೆರೆ ಒಣಗುತ್ತದೆ. ದೊಡ್ಡ ಹಳ್ಳಗಳಿಗೆ ಸೇತುವೆ ಕಟ್ಟುತ್ತಾರೆ. ಬೇಸಿಗೆಯಲ್ಲಿ ಗುರುತೇ ಸಿಗದ ಸಣ್ಣ ಕಾಲುವೆಗಳು ನಕ್ಷೆಯಿಂದ ತಪ್ಪಿಹೋಗಬಹುದು.

ಅವುಗಳನ್ನು ಬಲ್ಲವರು ಗದ್ದೆ ಮಾಡುವವರು, ದನ ಕಾಯುವವರು. ಮಾರ್ಗ ಹಾಯುವ ಊರುಗಳಲ್ಲಿ ವಿದ್ಯಾರ್ಥಿಗಳು ಆಷಾಢದ ಮಳೆಯಲ್ಲಿ ಅವರೊಡನೆ ನಡೆದು, ನೀರು ದಾಟುವ ಜಾಗಗಳನ್ನು ಸರ್ವೆ ನಂಬರಿನ ಸಮೇತ ಬರೆದಿಡಲಿ. ಅಲ್ಲೆಲ್ಲ ಮೋರಿ ಬೇಕೆಂದು ಗ್ರಾಮಸಭೆ ಠರಾವು ಮಾಡಿ ರೈಲ್ವೆ ಇಲಾಖೆಗೆ ಕಳುಹಿಸಲಿ. ಏರಿ ಏಳುವ ಮೊದಲು ಮೋರಿ ಇಡುವುದು ಸುಲಭ. ಎದ್ದ ಮೇಲೆ ಒಡೆದು ಇಡುವುದು ಬಹಳ ಕಷ್ಟ.