ಕೆಂಪು ಮಖಮಲ್ಲಿನ ಡೋನಟ್ಟು



ಬೇಕರಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಮಕ್ಕಳು ಬೆರಳು ಮಾಡಿ ತೋರಿಸುವ ತಿನಿಸುಗಳಲ್ಲಿ 'ರೆಡ್ ವೆಲ್ವೆಟ್' ಎಂಬುದಕ್ಕೆ ಈಗ ದೊಡ್ಡ ಸ್ಥಾನವಿದೆ. ಕೆಂಪು ಮಖಮಲ್ಲು ಎಂದು ಅದರ ಅರ್ಥ. ಮೊದಲು ಕೇಕಾಗಿ ಬಂದದ್ದು ಈಗ ಬಳೆಯಾಕಾರದ ಡೋನಟ್ಟಾಗಿಯೂ ದೊರೆಯುತ್ತಿದೆ. 2024ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯು ಪರೀಕ್ಷಿಸಿದ 235 ಕೇಕಿನ ಮಾದರಿಗಳಲ್ಲಿ 12 ಮಾದರಿಗಳು ಕೃತಕ ಬಣ್ಣದ ಕಾರಣದಿಂದ ಸುರಕ್ಷಿತವಲ್ಲವೆಂದು ಪ್ರಕಟಿಸಿತು. ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್ ಕೇಕುಗಳ ಹೆಸರನ್ನೇ ಎತ್ತಿ ಎಚ್ಚರಿಕೆ ನೀಡಿತು. ಅಂದಿನಿಂದ ಇದನ್ನು ಮನೆಯಲ್ಲಿಯೇ ಮಾಡಲಾಗದೇ ಎಂಬ ಪ್ರಶ್ನೆ ತಾಯಂದಿರ ಮನಸ್ಸಿನಲ್ಲಿ ಎದ್ದಿದ್ದರೆ ಅದು ಸಹಜವೇ.

ಖಂಡಿತವಾಗಿ ಮಾಡಬಹುದು. ಮೊಟ್ಟೆ ಬೇಡ, ಬಾಣಲೆಯ ತುಂಬ ಎಣ್ಣೆ ಬೇಡ, ಬಣ್ಣದ ಶೀಶೆಯಂತೂ ಬೇಡವೇ ಬೇಡ. ಆದರೆ ಕೆಂಪು ಎಲ್ಲಿಂದ ಬರುತ್ತದೆ, ಯಾವುದರಿಂದ ಕೆಡುತ್ತದೆ ಎಂಬುದನ್ನು ಅರಿಯದೆ ಕೈ ಹಾಕಿದರೆ ಓವನ್ನಿನಿಂದ ಹೊರಬರುವುದು ಮಣ್ಣಿನ ಬಣ್ಣದ ಬಳೆಯಷ್ಟೇ. ಆದುದರಿಂದ ಅಳತೆಗೆ ಮುನ್ನ ಬಣ್ಣದ ಮಾತನ್ನು ಸ್ವಲ್ಪ ವಿವರವಾಗಿಯೇ ಆಡಬೇಕಾಗಿದೆ.

ಈ ತಿನಿಸಿನ ತವರು ಅಮೆರಿಕ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ 'ವೆಲ್ವೆಟ್' ಎಂದು ಕರೆಯುತ್ತಿದ್ದುದು ಬಣ್ಣವನ್ನಲ್ಲ, ನಯವನ್ನು. ಒರಟು ಕೇಕುಗಳಿಂದ ಬೇರೆಯಾಗಿ, ಬಾಯಲ್ಲಿ ಇಟ್ಟರೆ ಕರಗುವಷ್ಟು ನುಣುಪಾದುದಕ್ಕೆ ಆ ಹೆಸರು. ಮುಂದೆ ಅದಕ್ಕೆ ಕೋಕೋ ಪುಡಿಯೂ ಹುಳಿ ಮಜ್ಜಿಗೆಯೂ ವಿನೆಗರೂ ಸೇರಿದವು. ಕೋಕೋದಲ್ಲಿ ನೇರಳೆ ಹಣ್ಣಿನಲ್ಲಿರುವಂತಹ ಒಂದು ಬಣ್ಣದ ಅಂಶವಿದೆ. ಹುಳಿ ತಾಗಿದರೆ ಅದು ಕೆಂಪಿನ ಕಡೆಗೆ ಹೊರಳುತ್ತದೆ. ಹಾಗೆಂದು ಕುಂಕುಮದ ಕೆಂಪೇನೂ ಬರುತ್ತಿರಲಿಲ್ಲ. ಹಳೆಯ ಇಟ್ಟಿಗೆಯಂತಹ ಕಂದುಗೆಂಪು, ಅಷ್ಟೇ. 1828ರಲ್ಲಿ ಡಚ್ಚರ ವಾನ್ ಹೌಟನ್ ಮನೆತನದವರಿಂದ ಕೋಕೋ ತಯಾರಿಕೆಯಲ್ಲಿ ಹೊಸ ದಾರಿ ತೆರೆಯಿತು. ಅವರ ಹೆಸರಿನೊಡನೆ ಬೆಳೆದ ಕ್ಷಾರ ಬೆರೆಸುವ ವಿಧಾನದಿಂದ ಕೋಕೋದ ಕಹಿ ಇಳಿಯಿತು, ಬಣ್ಣ ಕಪ್ಪಾಯಿತು, ಹುಳಿಗೆ ಕೆಂಪಾಗುವ ಗುಣವೂ ಬಹುಮಟ್ಟಿಗೆ ಹೋಯಿತು.

ಎದ್ದು ಕಾಣುವ ಕೆಂಪು ಬಂದದ್ದು ವ್ಯಾಪಾರದಿಂದ. ಟೆಕ್ಸಾಸ್ ಪ್ರಾಂತದ ಆಡಮ್ಸ್ ಎಂಬ ಸುಗಂಧಸಾರದ ಕಂಪನಿಯು ತನ್ನ ಬಣ್ಣದ ಶೀಶೆಗಳ ಮಾರಾಟಕ್ಕಾಗಿ ಈ ಕೇಕಿನ ಪಾಕವಿಧಾನವನ್ನು ಅಚ್ಚು ಹಾಕಿಸಿ ಅಂಗಡಿಗಳಲ್ಲಿ ಹಂಚಿತು. ಅಲ್ಲಿಂದ ಮುಂದೆ ಕೇಕೆಂದರೆ ಶೀಶೆ ಎಂದಾಯಿತು. 1976ರಲ್ಲಿ ಅಮೆರಿಕ ಸರ್ಕಾರವು 'ರೆಡ್ ನಂಬರ್ 2' ಎಂಬ ಕೆಂಪನ್ನು ಸುರಕ್ಷತೆಯ ಸಂಶಯದಿಂದ ನಿಷೇಧಿಸಿತು. 2025ರ ಜನವರಿಯಲ್ಲಿ 'ರೆಡ್ ನಂಬರ್ 3'ಕ್ಕೆ ಆಹಾರದಲ್ಲಿದ್ದ ಅನುಮತಿಯನ್ನು ಹಿಂದೆಗೆದುಕೊಂಡು, ತಯಾರಕರಿಗೆ 2027ರ ಜನವರಿಯವರೆಗೆ ಕಾಲಾವಕಾಶ ಕೊಟ್ಟಿತು. ನಮ್ಮ ಬೇಕರಿಗಳಲ್ಲಿ ಬಳಕೆಯಲ್ಲಿರುವ ಕಾರ್ಮೋಯಿಸಿನ್ ಮತ್ತು ಪಾನ್ಸೋ 4ಆರ್ ಎಂಬ ಕೆಂಪುಗಳಿಗೆ ಅಮೆರಿಕದಲ್ಲಿ ಅನುಮತಿಯೇ ಇಲ್ಲ. ಯೂರೋಪಿನಲ್ಲಿ ಅನುಮತಿಯಿದ್ದರೂ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ದುಷ್ಪರಿಣಾಮ ಉಂಟಾಗಬಹುದೆಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಬೇಕೆಂಬ ನಿಯಮ 2010ರ ಜುಲೈಯಿಂದ ಜಾರಿಯಲ್ಲಿದೆ. ನಮ್ಮಲ್ಲಿ ಇವು ನಿಗದಿತ ಮಿತಿಯೊಳಗೆ ಕಾನೂನುಸಮ್ಮತ. ಮಿತಿಯೊಳಗಿರುವ ಒಂದು ತುಂಡು ತಿಂದ ಮಾತ್ರಕ್ಕೆ ಮಗು ಕಾಯಿಲೆ ಬೀಳುತ್ತದೆಂದು ಹೆದರಿಸುವುದು ಸರಿಯಲ್ಲ. ಆದರೆ ಶೀಶೆಯಿಂದ ಹನಿಸುವ ಕೈಗೆ ಮಿತಿಯ ಅರಿವಿದೆಯೇ ಎಂಬುದನ್ನು ತಿನ್ನುವವರು ತಿಳಿಯುವ ಬಗೆಯಿಲ್ಲ.

ಮಾಂಸ, ಮೊಟ್ಟೆಗಳನ್ನು ದೂರವಿಟ್ಟ ನಮ್ಮ ಮನೆತನಗಳು ಗಮನಿಸಬೇಕಾದ ಸಂಗತಿ ಮತ್ತೊಂದಿದೆ. 'ನೈಸರ್ಗಿಕ' ಎಂಬ ಹೆಸರಿನಲ್ಲಿ ಬರುವ ಕೆಂಪುಗಳಲ್ಲಿ ಒಂದು ಹುಳುವಿನಿಂದ ಆದದ್ದು. ಪೆರು, ಮೆಕ್ಸಿಕೊ ದೇಶಗಳಲ್ಲಿ ಪಾಪಾಸುಕಳ್ಳಿಯ ಮೇಲೆ ಕೊಚಿನೀಲ್ ಎಂಬ ಸಣ್ಣ ಕೀಟ ಬೆಳೆಯುತ್ತದೆ. ಅದನ್ನು ಬಿಡಿಸಿ, ಒಣಗಿಸಿ, ಅರೆದು ತೆಗೆಯುವ ಬಣ್ಣಕ್ಕೆ ಕಾರ್ಮೈನ್ ಎಂದು ಹೆಸರು. ಈಸ್ಟ್ ಇಂಡಿಯಾ ಕಂಪನಿಯವರು ಇದರ ವ್ಯಾಪಾರದ ಆಸೆಯಿಂದ 1795ರಲ್ಲಿ ಕೀಟವನ್ನು ಭಾರತಕ್ಕೆ ತರಿಸಿದರು. ಬಂದದ್ದು ಬೇರೆಯದೇ ಜಾತಿ. ಒಳ್ಳೆಯ ಬಣ್ಣ ದೊರೆಯಲಿಲ್ಲ, ಬೇಲಿಯ ಪಾಪಾಸುಕಳ್ಳಿಗಳು ಮಾತ್ರ ನಾಶವಾದವು. 2012ರಲ್ಲಿ ಅಮೆರಿಕದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳ ಸ್ಟ್ರಾಬೆರಿ ಪಾನೀಯದಲ್ಲಿ ಈ ಕೀಟದ ಬಣ್ಣವಿರುವುದು ಸಸ್ಯಾಹಾರಿಗಳಿಗೆ ತಿಳಿದು ದೊಡ್ಡ ಗದ್ದಲವಾಯಿತು. ಆಗ ಕಂಪನಿಯೇ ಒಪ್ಪಿಕೊಂಡ ಪಟ್ಟಿಯಲ್ಲಿ ಗುಲಾಬಿ ಲೇಪದ ಪುಟ್ಟ ಡೋನಟ್ಟೂ ಇತ್ತು, ರೆಡ್ ವೆಲ್ವೆಟ್ ತಿನಿಸೊಂದೂ ಇತ್ತು. ಟೊಮೇಟೊದಿಂದ ತೆಗೆದ ಬಣ್ಣಕ್ಕೆ ಬದಲಾಯಿಸುವುದಾಗಿ ಅವರು ಮಾತು ಕೊಡಬೇಕಾಯಿತು. ಸಮುದ್ರದಾಚೆ ನೆಲೆಸಿರುವ ಮಕ್ಕಳು ಊರಿಗೆ ಬರುವಾಗ ಪ್ರೀತಿಯಿಂದ ತರುವ ಮಿಠಾಯಿ, ಕೇಕಿನ ಪುಡಿ, ಬಣ್ಣದ ಶೀಶೆಗಳ ಮೇಲೆ ನಮ್ಮ ದೇಶದ ಹಸಿರು ಗುರುತು ಇರುವುದಿಲ್ಲ. ಅವುಗಳ ಮೇಲೆ ಕಾರ್ಮೈನ್, ಕೊಚಿನೀಲ್ ಅಥವಾ ಇ 120 ಎಂದಿದ್ದರೆ ಅದು ಈ ಕೀಟವೇ.

ಇನ್ನು ನಮ್ಮ ಕೆಂಪು. ಅದು ಬೀಟ್‌ರೂಟಿನದು.

ಬೀಟ್‌ರೂಟ್ ಹಾಕಿ ಕೇಕು ಮಾಡಿದವರಲ್ಲಿ ಹಲವರು, ಹಿಟ್ಟು ಕೆಂಪಗಿತ್ತು, ಬೆಂದ ಮೇಲೆ ಕಂದಾಯಿತು ಎಂದು ಕೈಬಿಡುತ್ತಾರೆ. ಕಾರಣ ಎರಡು. ಮೊದಲನೆಯದು ಸೋಡಾ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿಯ ಕೆಂಪು ನೀರಾಗುವುದನ್ನು ನಾವೆಲ್ಲ ಬಾಲ್ಯದಿಂದ ಕಂಡಿದ್ದೇವೆ. ಅರಿಶಿನವು ಕ್ಷಾರಕ್ಕೆ ಕೆಂಪಾಗುತ್ತದೆ. ಬೀಟ್‌ರೂಟಿನ ಸ್ವಭಾವ ಇದಕ್ಕೆ ತೀರ ವಿರುದ್ಧ: ಹುಳಿಯಲ್ಲಿ ಕೆಂಪಾಗಿ ಉಳಿಯುತ್ತದೆ, ಕ್ಷಾರ ಹೆಚ್ಚಾದರೆ ಹಳದಿಗೆ ತಿರುಗುತ್ತದೆ. ಅಡುಗೆ ಸೋಡಾ ಕ್ಷಾರವಲ್ಲವೇ? ಆದುದರಿಂದ ಇಲ್ಲಿ ಸೋಡಾ ಸಲ್ಲದು. ಬೇಕಿಂಗ್ ಪೌಡರ್ ಮಾತ್ರ, ಜೊತೆಗೆ ನಿಂಬೆಯ ಹುಳಿ. ಬೀಟ್‌ರೂಟಿಗೆ ಸಹಜವಾದ ಮಣ್ಣಿನ ವಾಸನೆಯನ್ನೂ ಈ ಹುಳಿಯೇ ತಗ್ಗಿಸುತ್ತದೆ.

ಎರಡನೆಯ ಕಾರಣ ಶಾಖ. ಬೀಟ್‌ರೂಟಿನ ಬಣ್ಣ ಹೆಚ್ಚು ಹೊತ್ತಿನ ಬಿಸಿಯನ್ನು ತಾಳದು. ದೊಡ್ಡ ಕೇಕು ಮುಕ್ಕಾಲು ಗಂಟೆಯಷ್ಟು ಬೇಯುವಷ್ಟರಲ್ಲಿ ಕೆಂಪೆಲ್ಲ ಕರಗಿ ಹೋಗಿರುತ್ತದೆ. ಡೋನಟ್ಟಿನ ನಡುವೆ ತೂತಿದೆ. ನಾವು ಉದ್ದಿನ ವಡೆಗೆ ತೂತು ಮಾಡುವುದು ಯಾತಕ್ಕೋ ಇಲ್ಲಿಯೂ ಅದೇ ಕಾರಣ: ಒಳಗಿನಿಂದಲೂ ಹೊರಗಿನಿಂದಲೂ ಶಾಖ ತಾಗಿ ಹತ್ತು ಹನ್ನೆರಡು ನಿಮಿಷಗಳಲ್ಲಿ ನಡುಭಾಗವೂ ಬೇಯುತ್ತದೆ, ಬಣ್ಣವೂ ಉಳಿಯುತ್ತದೆ. ಶೀಶೆಯಿಲ್ಲದ ರೆಡ್ ವೆಲ್ವೆಟ್ ಮಾಡಬೇಕೆನ್ನುವವರಿಗೆ ಕೇಕಿಗಿಂತ ಡೋನಟ್ಟೇ ಮೇಲು ಎಂದು ನಾನು ಹೇಳುವುದು ಇದಕ್ಕಾಗಿ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುವೆ. ಅಮೆರಿಕದವರ ಮೂಲ ಡೋನಟ್ಟು ಎಣ್ಣೆಯಲ್ಲಿ ಕರಿದದ್ದು. ಬೇಯಿಸಿದ್ದು ನಿಜದಲ್ಲಿ ಬಳೆಯ ರೂಪದ ಕೇಕು. ಕರಿದುದರ ರುಚಿಯನ್ನು ಇದರಲ್ಲಿ ಹುಡುಕಿದರೆ ನಿರಾಸೆಯಾದೀತು; ಕೇಕೆಂದು ತಿಳಿದು ತಿಂದರೆ ಬಹಳ ಸೊಗಸು.

ಆರು ಡೋನಟ್ಟುಗಳಿಗೆ ಬೇಕಾದುದು ಇಷ್ಟು. ಬಟ್ಟಲೆಂದರೆ 240 ಮಿಲಿಲೀಟರ್ ಹಿಡಿಯುವ ಅಳತೆ. ಮೈದಾ ಒಂದು ಬಟ್ಟಲು. ಅದರಿಂದ ಎರಡು ದೊಡ್ಡ ಚಮಚ ತೆಗೆದು, ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಕೇಳಿದರೆ ಕೊಡುವ ಬಿಳಿಯ ಪುಡಿಯನ್ನು ಅಷ್ಟೇ ಸೇರಿಸಿರಿ. ಮಖಮಲ್ಲಿನ ನಯ ಬರುವುದು ಇದರಿಂದ. ಸಕ್ಕರೆ ಪುಡಿ ಅರ್ಧ ಬಟ್ಟಲಿಗೆ ತುಸು ಮಿಗಿಲು. ಕೋಕೋ ಪುಡಿ ಎರಡು ಚಿಕ್ಕ ಚಮಚ ಮಾತ್ರ. ಹೆಚ್ಚಾದರೆ ಕೆಂಪು ಮುಚ್ಚಿಹೋಗುತ್ತದೆ. ಕ್ಷಾರ ಸೇರಿಸದ ತಿಳಿಗಂದು ಕೋಕೋ ಆಗಿರಲಿ. ಬೇಕಿಂಗ್ ಪೌಡರ್ ಒಂದೂಕಾಲು ಚಿಕ್ಕ ಚಮಚ, ಉಪ್ಪು ಎರಡು ಚಿಟಿಕೆ, ವಾಸನೆಯಿಲ್ಲದ ಎಣ್ಣೆ ಮೂರು ದೊಡ್ಡ ಚಮಚ, ಗಟ್ಟಿ ಮೊಸರು ಎರಡು ದೊಡ್ಡ ಚಮಚ, ವೆನಿಲಾ ಅರ್ಧ ಚಿಕ್ಕ ಚಮಚ. ಏಲಕ್ಕಿ ಹಾಕಬಹುದೇ ಎಂದರೆ, ಹಾಕಬಹುದು; ಆದರೆ ಕೋಕೋದ ಜೊತೆಗೆ ನನಗೆ ವೆನಿಲಾವೇ ಹಿತವೆನಿಸುತ್ತದೆ.

ಒಂದು ದೊಡ್ಡ ಬೀಟ್‌ರೂಟನ್ನು ಸಿಪ್ಪೆ ತೆಗೆದು ಹಸಿಯಾಗಿಯೇ ತುರಿಯಿರಿ. ಬೇಯಿಸಿದರೆ ಬಣ್ಣದ ಒಂದು ಪಾಲು ಅಲ್ಲಿಯೇ ಕಳೆದುಹೋಗುತ್ತದೆ. ಕಾಲು ಬಟ್ಟಲು ಹುಳಿ ಮಜ್ಜಿಗೆ, ಒಂದು ದೊಡ್ಡ ಚಮಚ ನಿಂಬೆರಸ ಸೇರಿಸಿ ನುಣ್ಣಗೆ ಅರೆದು, ತೆಳುಬಟ್ಟೆಯಲ್ಲಿ ಹಿಂಡಿರಿ. ಅರ್ಧ ಬಟ್ಟಲು ರಸ ಬೇಕು. ಕಡಿಮೆಯಾದರೆ ಚರಟಕ್ಕೆ ಇನ್ನಷ್ಟು ಮಜ್ಜಿಗೆ ಬೆರೆಸಿ ಹಿಂಡಿ ಸರಿದೂಗಿಸಿರಿ, ನೀರು ಬೇಡ.

ಓವನ್ನನ್ನು 170 ಡಿಗ್ರಿಗೆ ಕಾಯಲು ಇಟ್ಟು, ಡೋನಟ್ಟಿನ ತಟ್ಟೆಗೆ ತುಪ್ಪ ಸವರಿ ಸಿದ್ಧವಾಗಿರಿಸಿರಿ. ಮೊಸರು, ಸಕ್ಕರೆ, ಎಣ್ಣೆಗಳನ್ನು ಚೆನ್ನಾಗಿ ಕಡೆದು ರಸವನ್ನೂ ವೆನಿಲಾವನ್ನೂ ಸೇರಿಸಿರಿ. ಒಣ ಪದಾರ್ಥಗಳನ್ನು ಎರಡು ಸಲ ಜರಡಿ ಹಿಡಿದು ಇದರ ಮೇಲೆ ಸುರಿದು, ಹಿಟ್ಟಿನ ಗಂಟುಗಳು ಮಾಯವಾಗುವವರೆಗೆ ಮಾತ್ರ ಹಗುರವಾಗಿ ಕೂಡಿಸಿರಿ. ಹೋಳಿಗೆಯ ಕಣಕದಂತೆ ನಾದಿದರೆ ಡೋನಟ್ಟು ರಬ್ಬರಾಗುತ್ತದೆ. ಕಲಸಿದ ಹಿಟ್ಟನ್ನು ಕಾಯಿಸಬಾರದು. ಬೇಕಿಂಗ್ ಪೌಡರಿನ ಬಲವು ತೇವ ತಾಗಿದ ಕ್ಷಣದಿಂದಲೇ ವ್ಯಯವಾಗತೊಡಗುತ್ತದೆ. ಹಾಲಿನ ಪೊಟ್ಟಣದಂತಹ ದಪ್ಪ ಚೀಲದ ಮೂಲೆ ಕತ್ತರಿಸಿ, ಅದರೊಳಗೆ ಹಿಟ್ಟು ತುಂಬಿ, ತಟ್ಟೆಯ ಗುಳಿಗಳಿಗೆ ಮೂರರಲ್ಲಿ ಎರಡು ಪಾಲಿನಷ್ಟು ಹಿಂಡಿರಿ. ಹತ್ತು ನಿಮಿಷಕ್ಕೆ ಕಡ್ಡಿ ಚುಚ್ಚಿ ನೋಡಿರಿ, ಅಂಟದಿದ್ದರೆ ಆಯಿತು. ಇನ್ನೆರಡು ನಿಮಿಷ ಇರಲಿ ಎಂಬ ಆಸೆ ಬಣ್ಣಕ್ಕೆ ಮುಳುವು. ಐದು ನಿಮಿಷ ತಟ್ಟೆಯಲ್ಲಿಯೇ ಆರಲು ಬಿಟ್ಟು ಬಿಡಿಸಿರಿ.

ಮೈಕ್ರೋವೇವ್ ಉಳ್ಳವರು ಅದರಲ್ಲಿ ಕನ್ವೆಕ್ಷನ್ ವ್ಯವಸ್ಥೆಯಿದ್ದರೆ ಮಾತ್ರ ಬಳಸಿರಿ. ಯಾವ ಓವನ್ನೂ ಇಲ್ಲದವರು ದಪ್ಪ ತಳದ ಅಗಲ ಪಾತ್ರೆಯಲ್ಲಿ ಒಂದು ಬಟ್ಟಲು ಕಲ್ಲುಪ್ಪು ಹರಡಿ, ಮೇಲೊಂದು ಕುಕ್ಕರಿನ ಉಂಗುರವಿಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿ, ನಂತರ ತಟ್ಟೆಯನ್ನಿಟ್ಟು ಸಣ್ಣ ಉರಿಯಲ್ಲಿ ಹದಿನೈದರಿಂದ ಹದಿನೆಂಟು ನಿಮಿಷ ಬೇಯಿಸಬಹುದು. ಡೋನಟ್ಟಿನ ತಟ್ಟೆಯೇ ಇಲ್ಲವೇ? ಪಡ್ಡಿನ ಹಂಚು ಇದೆಯಲ್ಲ! ತುಪ್ಪ ಸವರಿ, ಅರ್ಧ ಗುಳಿಗೆ ಹಿಟ್ಟು ಬಿಟ್ಟು, ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿದರೆ ಚೆಂಡಿನಂತಹ ಪುಟ್ಟ ಕೆಂಪು ಡೋನಟ್ಟುಗಳಾಗುತ್ತವೆ. ಬಳೆಯ ರೂಪಕ್ಕಿಂತ ಇದನ್ನೇ ಎಳೆಯ ಮಕ್ಕಳು ಹೆಚ್ಚು ಮೆಚ್ಚುವುದುಂಟು.

ಮೇಲಿನ ಬಿಳಿ ಲೇಪಕ್ಕೆ ಇಂದಿನ ಅಂಗಡಿಗಳು ಕ್ರೀಮ್ ಚೀಸ್ ಬಳಸುತ್ತವೆ. ಅದು ದುಬಾರಿ, ಸಣ್ಣ ಊರುಗಳಲ್ಲಿ ಸಿಗುವುದೂ ಇಲ್ಲ. ಸಂತೋಷದ ಸಂಗತಿಯೆಂದರೆ ಹಳೆಯ ಕಾಲದ ರೆಡ್ ವೆಲ್ವೆಟ್ಟಿಗೆ ಬಳಸುತ್ತಿದ್ದುದು ಹಾಲು ಹಿಟ್ಟಿನ ಲೇಪ. ಅರ್ಧ ಬಟ್ಟಲು ಹಾಲಿಗೆ ಎರಡು ದೊಡ್ಡ ಚಮಚ ಮೈದಾ ಗಂಟಿಲ್ಲದಂತೆ ಕದಡಿ, ಕೈಬಿಡದೆ ಕಾಯಿಸಿ, ಗಟ್ಟಿ ಗಂಜಿಯ ಹದಕ್ಕೆ ತಂದು ಪೂರ್ತಿ ತಣಿಸಿರಿ. ಐವತ್ತು ಗ್ರಾಂ ಬೆಣ್ಣೆಗೆ ಅಷ್ಟೇ ಸಕ್ಕರೆ ಪುಡಿ ಸೇರಿಸಿ ಬೆಳ್ಳಗಾಗುವವರೆಗೆ ಕಡೆದು, ತಣಿದ ಗಂಜಿಯನ್ನು ಚಮಚ ಚಮಚವಾಗಿ ಬೆರೆಸಿ ಕಡೆಯಿರಿ. ಗಂಜಿ ತುಸು ಬೆಚ್ಚಗಿದ್ದರೂ ಬೆಣ್ಣೆ ಕರಗಿ ನೀರಾಗುತ್ತದೆ. ಡೋನಟ್ಟುಗಳು ಸಂಪೂರ್ಣ ಆರಿದ ಮೇಲೆಯೇ ಹಚ್ಚಿರಿ.

ನಿಮ್ಮ ಡೋನಟ್ಟು ಬೇಕರಿಯದರಷ್ಟು ಕಡುಗೆಂಪಾಗದು. ಹೊರಗೆ ಕಂದು, ಮುರಿದರೆ ಒಳಗೆ ಮಾಗಿದ ದಾಳಿಂಬೆಯ ಮಬ್ಬು ಕೆಂಪು. ಅಂಗಡಿಯದರ ಪಕ್ಕದಲ್ಲಿಟ್ಟು ಹೋಲಿಸುವ ಮಕ್ಕಳಿಗೆ ಬೀಟ್‌ರೂಟ್ ಹಿಂಡುವ ಕೆಲಸವನ್ನೇ ವಹಿಸಿಬಿಡಿ. ಕೈಯೆಲ್ಲ ಕೆಂಪಾದ ಮೇಲೆ ದೂರು ಕಡಿಮೆಯಾಗುತ್ತದೆ. ಮಾಡಿದ ದಿನವೇ ತಿನ್ನುವುದು ಉತ್ತಮ. ಲೇಪ ಹಚ್ಚಿದ್ದನ್ನು ಫ್ರಿಜ್ಜಿನಲ್ಲಿ ಎರಡು ದಿನ ಇಡಬಹುದು. ಬೀಟ್‌ರೂಟ್ ತಿಂದ ಮರುದಿನ ಕೆಲವು ಮಕ್ಕಳ ಮೂತ್ರ ಕೆಂಬಣ್ಣಕ್ಕೆ ಕಾಣುವುದುಂಟು. ಅದು ತರಕಾರಿಯ ಬಣ್ಣ, ತಾನಾಗಿ ಹೋಗುತ್ತದೆ. ಬೀಟ್‌ರೂಟ್ ತಿನ್ನದೆಯೂ ಹಾಗೆ ಕಂಡರೆ ವೈದ್ಯರಿಗೆ ತೋರಿಸಿರಿ. ಹಿಂಡಿ ಉಳಿದ ಚರಟವನ್ನು ಚೆಲ್ಲಬೇಡಿ. ಅದರ ಹುಳಿಯೂ ಸೇರಿ ಅಕ್ಕಿರೊಟ್ಟಿಯ ಹಿಟ್ಟಿಗೂ ಥಾಲಿಪಟ್ಟಿಗೂ ಬಹಳ ಚೆನ್ನಾಗಿ ಹೊಂದುತ್ತದೆ. ಜೊತೆಗೆ ಹಸಿಮೆಣಸಿನಕಾಯಿ, ಜೀರಿಗೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು.