ನೀವು ಮೈಂಡ್ ಮಾಡ್ತೀರಾ?

ಬೆಂಗಳೂರಿನಲ್ಲಿ ಯಾರಾದರೂ "ಮೈಂಡ್ ಮಾಡ್ಕೋಬೇಡಿ" ಅಂದರೆ ನಮಗೆ ಅನುವಾದ ಬೇಕಾಗುವುದಿಲ್ಲ. ಹುಬ್ಬಳ್ಳಿ ಕಡೆಯವರು "ಏನೂ ಹರಕತ್ತಿಲ್ರೀ" ಅನ್ನುತ್ತಾರೆ, ನಾನಿರುವ ಪುಣೆಯಲ್ಲಿ ಅದೇ ಮಾತು "ಹರಕತ್ ನಾಹೀ" ಆಗುತ್ತದೆ. ಇಂಗ್ಲಿಷಿನ ಮೈಂಡ್ ನಮ್ಮ ಮಾತಿನೊಳಗೆ ಇಷ್ಟು ಸಲೀಸಾಗಿ ಬಂದು ಕೂತಿರುವುದಕ್ಕೆ ಒಂದು ಕಾರಣ, ಅದಕ್ಕೆ ಜಾಗ ಬಿಡಲು ನಮ್ಮಲ್ಲಿ ಆಗಲೇ ಮನಸ್ಸು ಇತ್ತು. ಮನಸ್ಸು ಮಾಡು, ಮನಸ್ಸು ಬದಲಾಯಿಸು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೆಚ್ಚುಕಮ್ಮಿ ಎಲ್ಲ ಕಡೆಯೂ ಒಂದೇ ಪದದಲ್ಲಿ ಕೆಲಸ ಸಾಗುತ್ತದೆ.

ಡಚ್ ಭಾಷೆಯಲ್ಲಿ ಹೀಗಲ್ಲ. ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಒಂದು ಎಕ್ಸೆಲ್ ಹಾಳೆಯಿಂದ. ನೆದರ್ಲೆಂಡ್ಸಿನ ಗ್ರಾಹಕರೊಬ್ಬರಿಗಾಗಿ ಬೇರೊಂದು ತಂಡ ಇಂಗ್ಲಿಷಿನಲ್ಲಿ ಮಾಡಿಟ್ಟಿದ್ದ ಮೊಬೈಲ್ ಆ್ಯಪ್ ಅನ್ನು ಡಚ್ಚಿಗೆ ತರುವ ಕೆಲಸ ನಮ್ಮ ತಂಡಕ್ಕೆ ಬಂತು. ಮನೆಯಲ್ಲೇ ರಕ್ತದೊತ್ತಡ ನೋಡಿಕೊಂಡು ಬರೆದಿಡುವ ವಯಸ್ಸಾದವರಿಗಾಗಿ ಮಾಡಿದ ಆ್ಯಪ್ ಅದು. ಅನುವಾದ ಮಾಡುವಾಕೆ ಅಲ್ಲಿಯವರು. ಪರದೆಯ ಮೇಲೆ ಕಾಣುವ ಪ್ರತಿ ವಾಕ್ಯವನ್ನೂ ಹಾಳೆಯ ಒಂದೊಂದು ಸಾಲಿಗೆ ಹಾಕಿ ಅವರಿಗೆ ಕಳಿಸುವುದು, ಬಂದದ್ದನ್ನು ಜೋಡಿಸುವುದು ನಮ್ಮ ಪಾಲು.

ಮೊದಲ ದಿನವೇ ಅವರು ಕೇಳಿದ್ದು, "ಇಲ್ಲಿ ಬಳಕೆದಾರರನ್ನು ಯೂ ಅನ್ನಬೇಕೋ ಯೆ ಅನ್ನಬೇಕೋ?" ಡಚ್ಚಿನಲ್ಲಿ ಯೂ ಅಂದರೆ ನೀವು, ಯೆ ಅಂದರೆ ನೀನು. ಇಂಗ್ಲಿಷ್ ಬರೆದ ತಂಡಕ್ಕೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲ. ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಎಪ್ಪತ್ತು ದಾಟಿದವರನ್ನು ಏಕವಚನದಲ್ಲಿ ಕರೆಯುವ ಆ್ಯಪ್ ಅನ್ನು ನಮ್ಮ ಮನೆಯಲ್ಲಿ ಯಾರೂ ಎರಡನೇ ಸಲ ತೆರೆಯುವುದಿಲ್ಲ.

ಆಮೇಲೆ ಮೈಂಡ್ ಶುರುವಾಯಿತು. ಡಚ್ಚಿನಲ್ಲಿ ಬುದ್ಧಿ ಅನ್ನುವ ಅರ್ಥಕ್ಕೆ ವರ್‌ಸ್ಟಾಂಟ್ ಇದೆ. ತಲೆ ಕೆಟ್ಟವನು ಕಳೆದುಕೊಳ್ಳುವುದು ಅದನ್ನು. ಯೋಚನೆಗಳು ಅಂದರೆ ಖದಾಖ್ಟನ್. (ಡಚ್ಚರ 'ಗ' ಗಂಟಲಿನಿಂದ ಬರುತ್ತದೆ, ನಮ್ಮ 'ಖ'ವನ್ನು ಕೆಮ್ಮಿದ ಹಾಗೆ.) ಖೇಸ್ಟ್ ಅನ್ನುವುದೂ ಮನಸ್ಸೇ, ಆದರೆ ಅದು ಇಂಗ್ಲಿಷಿನ ಘೋಸ್ಟ್‌ನ ದಾಯಾದಿ. ಆತ್ಮಕ್ಕೂ ದೆವ್ವಕ್ಕೂ ಅದೇ ಪದ. ಮಾನಸಿಕ ಆರೋಗ್ಯಕ್ಕೆ ಡಚ್ಚರು ಬಳಸುವ ಖೇಸ್ಟಲಕ ಅನ್ನುವ ವಿಶೇಷಣವೇ ಚರ್ಚಿನ ಪಾದ್ರಿಗೂ ಹೆಸರು. ಮನಸ್ಸಿನ ನೆಮ್ಮದಿಗೆ ಇವು ಯಾವುದೂ ಸಲ್ಲುವುದಿಲ್ಲ, ಅದಕ್ಕೆ ಖಮೂಟ್ಸ್‌ರುಸ್ಟ್ ಅಂತ ಇನ್ನೊಂದು. ನನಗೆ ಹಿಡಿಸಿದ್ದು ಜಿನ್ ಅನ್ನುವ ಪುಟ್ಟ ಪದ. "ಇವತ್ತು ಹೊರಗೆ ಹೋಗೋಕೆ ಮನಸ್ಸಿಲ್ಲ" ಅಂತ ನಾವು ಹೇಳುವ ಕಡೆ ಅವರು "ಜಿನ್ ಇಲ್ಲ" ಅನ್ನುತ್ತಾರೆ. ಇಲ್ಲಿ ಮಾತ್ರ ಡಚ್ಚರೂ ಕನ್ನಡಿಗರೂ ಕೈ ಹಿಡಿದುಕೊಂಡು ನಡೆಯುತ್ತಾರೆ, ಇಂಗ್ಲಿಷ್ ಬೇರೆ ದಾರಿ ಹಿಡಿಯುತ್ತದೆ.

ವಂಶಾವಳಿ ನೋಡಿದರೆ ತಮಾಷೆ. ಇಂಗ್ಲಿಷಿನ ಮೈಂಡ್, ಸಂಸ್ಕೃತದ ಮನಸ್ ಎರಡೂ ಒಂದೇ ಬೇರಿನವು. ಡಚ್ಚಿನಲ್ಲೂ ಆ ಬೇರಿನ ಕುಡಿ ಉಂಟು, ಆದರೆ ಅದು ಪ್ರೀತಿಯ ಕಡೆ ಬಾಗಿಬಿಟ್ಟಿತು. ಮಿನ್ನೆ ಅಂದರೆ ಹಳೆಯ ಮಾತಿನಲ್ಲಿ ಪ್ರೇಮ, ಬೆಮಿನ್ನನ್ ಅಂದರೆ ಪ್ರೀತಿಸು. ಕಣ್ಣಿಗೆ ಮರೆಯಾದದ್ದು ಮೈಂಡ್‌ಗೂ ಮರೆ ಅನ್ನುತ್ತದೆ ಇಂಗ್ಲಿಷಿನ ಗಾದೆ. ಡಚ್ಚರು "ಔಟ್ ಹೆಟ್ ಓಖ್, ಔಟ್ ಹೆಟ್ ಹಾರ್ಟ್" ಅನ್ನುತ್ತಾರೆ: ಕಣ್ಣಿಂದ ಹೋದದ್ದು ಹೃದಯದಿಂದಲೂ ಹೋಯಿತು. ಇಂಗ್ಲಿಷಿನವನು ಮರೆಯುತ್ತಾನೆ, ಡಚ್ಚಿನವನ ಪ್ರೀತಿ ಆರುತ್ತದೆ. ಊರು ಬಿಟ್ಟು ಹದಿನೈದು ವರ್ಷವಾದ ನಮ್ಮಂಥವರಿಗೆ ಎರಡರಲ್ಲಿ ಯಾವುದು ಹೆಚ್ಚು ಚುಚ್ಚುತ್ತದೆ ಅಂತ ನೀವೇ ಹೇಳಿ.

ನುಡಿಗಟ್ಟುಗಳಿಗೆ ಬಂದರೆ ಪದದ ಆಟವೇ ಮುಗಿಯಿತು. ತಗ್ಗು ಬಾಗಿಲ ಹತ್ತಿರ ಇಂಗ್ಲಿಷಿನವರು ತಲೆಯನ್ನು ಮೈಂಡ್ ಮಾಡಲು ಹೇಳಿದರೆ, ಡಚ್ಚರು "ದೆಂಕ್ ಓಮ್ ಯೂವ್ ಹೋಫ್ಟ್" ಅನ್ನಬಹುದು, ಅಂದರೆ ನಿಮ್ಮ ತಲೆಯ ಬಗ್ಗೆ ಯೋಚಿಸಿ. ಜಗತ್ತಿನ ಅತಿ ಎತ್ತರದ ಜನರಲ್ಲಿ ಅವರೂ ಇರುವುದರಿಂದ ಯೋಚಿಸಬೇಕಾದದ್ದೇ. ನಮಗೆ "ತಲೆ ಜೋಪಾನ" ಸಾಕು. ನಿರ್ಧಾರಕ್ಕೆ ಬರುವುದು ಅವರಿಗೆ ಗಂಟು ಕಡಿಯುವುದು. ನೆವರ್ ಮೈಂಡ್ ಅಂದರೆ "ಲಾಟ್ ಮಾರ್", ಹೋಗ್ಲಿ ಬಿಡಿ. ಮನಸ್ಸು ಬದಲಾಯಿಸುವುದಕ್ಕೆ ಅವರು ಯೋಚನೆಗಳನ್ನು "ವರಾಂಡರನ್" ಮಾಡುತ್ತಾರೆ. ಅದೇ ಯೋಚನೆಗಳನ್ನು "ವಿಸ್ಸಲನ್" ಮಾಡಿದರೆ ಅರ್ಥ ಬೇರೆ: ಕೂತು ಅಭಿಪ್ರಾಯ ಹಂಚಿಕೊಳ್ಳುವುದು. ಎರಡೂ ಕ್ರಿಯಾಪದಕ್ಕೆ ನಿಘಂಟಿನಲ್ಲಿ 'ಬದಲಾಯಿಸು' ಅಂತಲೇ ಸಿಗುತ್ತದೆ. ಗ್ರಾಹಕರು ಚರ್ಚಿಸೋಣ ಅಂದದ್ದನ್ನು ಒಪ್ಪಂದದಿಂದ ಹಿಂದೆ ಸರಿಯುತ್ತಿದ್ದಾರೆ ಅಂತ ತಿಳಿದುಕೊಂಡರೆ ಒಂದು ರಾತ್ರಿಯ ನಿದ್ದೆ ಹೋಯಿತು.

ಇದೆಲ್ಲ ಮೋಜು. ಮೋಜಲ್ಲದ್ದು 212ನೇ ಸಾಲಿನಲ್ಲಿತ್ತು. ಅಲ್ಲಿದ್ದ ಇಂಗ್ಲಿಷ್ ಪ್ರಶ್ನೆ, ನಿಮ್ಮ ರೀಡಿಂಗುಗಳನ್ನು ನಿಮ್ಮ ವೈದ್ಯರ ಜೊತೆ ಹಂಚಿಕೊಂಡರೆ ಡು ಯು ಮೈಂಡ್? ಕೆಳಗೆ ಎರಡು ಬಟನ್: ಯೆಸ್, ನೋ. ಇಂಗ್ಲಿಷಿನ ಲೆಕ್ಕದಲ್ಲಿ ಇಲ್ಲಿ ನೋ ಅಂದರೆ ಒಪ್ಪಿಗೆ. ನೋ ಒತ್ತಿದರೆ ಮಾಹಿತಿ ವೈದ್ಯರಿಗೆ ಹೋಗಬೇಕು ಅಂತಲೇ ಕೋಡ್ ಬರೆದಿತ್ತು.

ಅನುವಾದಕಿ ಒಳ್ಳೆಯ ಡಚ್ ಬರೆದರು. "ವಿಂಟ್ ಯೂ ಹೆಟ್ ಎರ್ಖ್", ಅಂದರೆ ನಿಮಗೆ ಬೇಸರವೇ ಅಂತ ಕೇಳಬಹುದಿತ್ತು. ಸಮ್ಮತಿ ಕೇಳುವಾಗ ಅದು ಸುತ್ತುಬಳಸು ಅನಿಸಿ, "ನಿಮ್ಮ ರೀಡಿಂಗುಗಳನ್ನು ಹಂಚಿಕೊಳ್ಳಬಹುದೇ?" ಅಂತ ನೇರವಾಗಿ ಕೇಳಿದರು. ಅವರ ಹಾಳೆಯಲ್ಲಿ ಬಟನ್‌ಗಳು ಆ ಸಾಲಿನ ಹತ್ತಿರವೇ ಇರಲಿಲ್ಲ. ಆ್ಯಪಿಗೆಲ್ಲ ಒಂದೇ ಯೆಸ್, ಒಂದೇ ನೋ. ಅವು ನಾಲ್ಕನೇ ಐದನೇ ಸಾಲಿನಲ್ಲಿ ಯಾವತ್ತೋ ಯಾ, ನೇ ಆಗಿ ಮುಗಿದಿದ್ದವು. ಪ್ರಶ್ನೆ ತಿರುಗಿತು, ಬಟನ್ ತಿರುಗಲಿಲ್ಲ. ಬೇಡ ಅಂತ ನೇ ಒತ್ತಿದ ಅಜ್ಜಿಯ ರಕ್ತದೊತ್ತಡ ವೈದ್ಯರಿಗೆ ಹೋಗುತ್ತಿತ್ತು, ಹೋಗಲಿ ಅಂತ ಯಾ ಒತ್ತಿದ ಅಜ್ಜನದು ಹೋಗುತ್ತಿರಲಿಲ್ಲ. ನನ್ನನ್ನು ಕೇಳಿದರೆ ಎರಡನೆಯದೇ ಹೆಚ್ಚು ಭಯದ್ದು. ವೈದ್ಯರು ನೋಡುತ್ತಿದ್ದಾರೆ ಅಂತ ಆ ಅಜ್ಜ ನೆಮ್ಮದಿಯಾಗಿ ಕೂತಿರುತ್ತಿದ್ದರು.

ಬಿಡುಗಡೆಗೆ ಮೊದಲೇ ಇದನ್ನು ಹಿಡಿದದ್ದು ಅಲ್ಲಿಯ ಪರೀಕ್ಷಕರೊಬ್ಬರು, ಫೋನ್ ಕೈಯಲ್ಲಿ ಹಿಡಿದು ಒಂದೊಂದೇ ಪರದೆ ಒತ್ತಿ ನೋಡುತ್ತಿದ್ದವರು. ಹಾಳೆಯಲ್ಲಿ ಎಷ್ಟು ಸಲ ಓದಿದರೂ ಅದು ಕಾಣುವಂಥದ್ದಲ್ಲ. ಪ್ರತಿ ಸಾಲೂ ಸರಿಯಾಗಿಯೇ ಇತ್ತು. ಯುರೋಪಿನಲ್ಲಿ ಇದು ಕಾನೂನಿನ ಮಾತೂ ಹೌದು. 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್, ಡಚ್ಚರ ಬಾಯಲ್ಲಿ ಎವಿಜಿ, ಸಮ್ಮತಿಯನ್ನು ಸ್ಪಷ್ಟವಾದ ಸರಳ ಭಾಷೆಯಲ್ಲಿ ಕೇಳಬೇಕು ಅನ್ನುತ್ತದೆ.

ಅನುವಾದಕಿಯ ಮೇಲೆ ತಪ್ಪು ಹೊರಿಸಲು ಕೆಲವರು ನೋಡಿದರು. ಅದು ನನಗೆ ಒಪ್ಪಿಗೆಯಾಗಲಿಲ್ಲ, ಮೀಟಿಂಗಿನಲ್ಲಿ ಹೇಳಿಯೂ ಹೇಳಿದೆ. ಕೆಟ್ಟದ್ದು ಮೂಲ ಪ್ರಶ್ನೆಯೇ. ರೈಲಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ "ಇಲ್ಲಿ ಕೂತರೆ ಡು ಯು ಮೈಂಡ್?" ಅಂದರೆ ನಾವು ಏನನ್ನುತ್ತೇವೆ? "ಯೆಸ್ ಯೆಸ್, ಪ್ಲೀಸ್" ಅಂತ ಜರುಗಿ ಜಾಗ ಕೊಡುತ್ತೇವೆ. ವ್ಯಾಕರಣ ಬಲ್ಲವನು ನಗಬಹುದು, ಕೂರುವವನು ಕೂತುಬಿಡುತ್ತಾನೆ. ನಮ್ಮ ಯೆಸ್ ಮೈಂಡ್‌ಗೆ ಉತ್ತರವಲ್ಲ, ಆ ಮನುಷ್ಯನಿಗೆ ಉತ್ತರ. ಬಟನ್‌ಗೆ ಮನುಷ್ಯ ಕಾಣುವುದಿಲ್ಲ.

ಹಾಗಾಗಿ ಇಂಗ್ಲಿಷ್ ಪ್ರಶ್ನೆಯನ್ನೇ ಬದಲಿಸಲಾಯಿತು. ಬಟನ್‌ಗಳ ಮೇಲೆ ಈಗ ಹೌದು, ಅಲ್ಲ ಇಲ್ಲ. ಡಚ್ಚಿನಲ್ಲಿ "ದೇಲನ್" ಮತ್ತು "ನೀಟ್ ದೇಲನ್", ಹಂಚಿಕೊಳ್ಳಿ ಮತ್ತು ಹಂಚಿಕೊಳ್ಳಬೇಡಿ. ಹಾಳೆಗೆ ಇನ್ನೊಂದು ಕಾಲಂ ಸೇರಿತು, ಈ ಮಾತು ಯಾವ ಪರದೆಯಲ್ಲಿ, ಯಾವ ಬಟನ್ ಜೊತೆ ಬರುತ್ತದೆ ಅಂತ ತಿಳಿಸುವುದಕ್ಕೆ. ಇದೇನೂ ಹೊಸ ಉಪಾಯವಲ್ಲ. ಗೆಟ್‌ಟೆಕ್ಸ್ಟ್‌ನಂಥ ಹಳೆಯ ಸಾಧನದಲ್ಲೇ ಪ್ರತಿ ಸಾಲಿಗೂ ಸಂದರ್ಭ ಬರೆಯಲು ಜಾಗವಿದೆ. ತುಂಬಿಸುವವರು ಕಡಿಮೆ. ಈಗ ಮೊದಲ ಸುತ್ತಿನ ಅನುವಾದವನ್ನು ಯಂತ್ರಕ್ಕೆ ಕೊಡೋಣ ಅನ್ನುವ ಮಾತು ನಡೆಯುತ್ತಿದೆ. ಕೊಡಲಿ, ಆ ಕಾಲಂ ಸಮೇತ ಕೊಡಲಿ ಅಂತ ನಾನು ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.